ಬಿಯರ್ ಲೆಕ್ಕ ಓಖ್ಲಾದಲ್ಲಿ, ಪಾತ್ರೆ ಇಂಗ್ಲೆಂಡಿನಲ್ಲಿ

ಮನೆಯಲ್ಲಿ ಬಿಯರ್ ಮಾಡಿಕೊಳ್ಳುವವರಿಗೆ ಅಂತಲೇ ಸಾಫ್ಟ್‌ವೇರ್‌ಗಳಿವೆ ಅಂದರೆ ನಮ್ಮ ಕಡೆಯವರು ನಗುತ್ತಾರೆ. ನಗಲಿ ಬಿಡಿ. ಬಿಯರ್‌ಸ್ಮಿತ್ ಅಂತ ಒಂದಿದೆ, 2003ರಿಂದಲೂ ಇದೆ, ಬ್ರಾಡ್ ಸ್ಮಿತ್ ಅನ್ನುವ ಅಮೆರಿಕದವರು ಬರೆದದ್ದು. ಬ್ರೂಟಾರ್ಗೆಟ್ ಅಂತ ಇನ್ನೊಂದು. ಪುಕ್ಕಟೆ, ಲಿನಕ್ಸ್‌ನಲ್ಲೂ ಓಡುತ್ತದೆ. ಬ್ರೂಫಾದರ್ ಈಚಿನದು, ಬ್ರೌಸರಿನಲ್ಲೇ ನಡೆಯುತ್ತದೆ.

ನನಗೂ ಇದಕ್ಕೂ ಏನು ನಂಟು ಅಂತೀರಾ? ನಮ್ಮಕ್ಕನ ಮಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾನೆ. ಅವನಿಗೆ ಬಿಯರ್ ಮಾಡುವ ಹುಚ್ಚು, ನನಗೆ ಲೆಕ್ಕದ ಹುಚ್ಚು. ಓಖ್ಲಾ ಫೇಸ್ ಎರಡರ ಒಂದು ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಪ್ರೊಡಕ್ಷನ್ ಪ್ಲಾನಿಂಗ್ ಮಾಡಿ ನಿವೃತ್ತನಾದವನಿಗೆ ಇನ್ನೇನು ಬೇಕು ಹೇಳಿ. ರೆಸಿಪಿ ಫೈಲನ್ನು ಇಬ್ಬರೂ ತೆರೆದು ನೋಡುವ ಹಾಗೆ ಇಟ್ಟುಕೊಂಡಿದ್ದೇವೆ. ನಾನು ಇಲ್ಲಿ ಕೂತು ಪ್ಲಾನ್ ಮಾಡುತ್ತೇನೆ, ಅವನು ಅಲ್ಲಿ ಒಲೆ ಹಚ್ಚುತ್ತಾನೆ. ನಾನು ಇಲ್ಲಿ ಒಲೆ ಹಚ್ಚುವ ಹಾಗಿಲ್ಲ. ಅದರ ವಿಷಯ ಆಮೇಲೆ.

ಕೆಲಸ ಸರಳ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ತರಿ ಮಾಡಿ, 66 ಡಿಗ್ರಿ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿ ರಸ ಬಸಿದುಕೊಂಡು, ಕಹಿಗೆ ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಮುಗಿಯಿತು. ಸಾಫ್ಟ್‌ವೇರ್ ಮಾಡುವುದು ಇದರ ಗಣಿತ. 20 ಲೀಟರಿಗೆ 4.3 ಕೆಜಿ ಮಾಲ್ಟ್ ಅಂತ ಬರೆದು, ಮಾಲ್ಟಿನ ಸಕ್ಕರೆಯಲ್ಲಿ ನಮ್ಮ ಪಾತ್ರೆಗೆ ದಕ್ಕುವುದು ಶೇಕಡಾ 72 ಅಂದರೆ, ರಸದ ಸಾಂದ್ರತೆ 1.048 ಬರುತ್ತದೆ ಅನ್ನುತ್ತದೆ. ಯೀಸ್ಟ್ ತಿಂದು ಮುಗಿಸಿದ ಮೇಲೆ 1.010. ಇವೆರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಹೆಚ್ಚು ಕಡಿಮೆ ಶೇಕಡಾ 5 ಆಲ್ಕೋಹಾಲ್. ಕಹಿಗೆ ಟಿನ್‌ಸೆತ್ ಅನ್ನುವವರ ಸೂತ್ರ ಬೇರೆ ಇದೆ. ಹಾಪ್ಸ್ ಎಷ್ಟು ಹೊತ್ತು ಕುದಿಯಿತು ಅನ್ನುವುದರ ಮೇಲೆ ಅದು ನಿಂತಿದೆ.

ಆದರೆ ಆ 72 ಎಲ್ಲಿಂದ ಬಂತು? ಅದು ಸಾಫ್ಟ್‌ವೇರಿನೊಳಗೆ ಮೊದಲೇ ತುಂಬಿಟ್ಟ ಊಹೆ. ಮೊದಲ ಸಲ ಹುಡುಗನಿಗೆ ದಕ್ಕಿದ್ದು 60. ರಸ 1.048ರ ಬದಲು 1.040ಕ್ಕೆ ನಿಂತಿತು. ಅವನು ಅದನ್ನು ಬರೆದಿಟ್ಟ, ಅದಕ್ಕೇ ನನಗೆ ಅವನ ಮೇಲೆ ಪ್ರೀತಿ.

ಯಾಕೆ ಅಂದರೆ ನಮ್ಮ ಕಾರ್ಖಾನೆಯಲ್ಲಿ ಪ್ರತಿ ಬ್ಯಾಚಿಗೂ ಒಂದು ಕಾರ್ಡ್ ಇರುತ್ತಿತ್ತು. ಎಡಗಡೆ ಪ್ಲಾನ್, ಬಲಗಡೆ ಆಕ್ಚುವಲ್. ಶಿಫ್ಟ್ ಮುಗಿಯುವ ಹೊತ್ತಿಗೆ ಎಡಗಡೆಯ ಅಂಕಿಗಳೇ ಬಲಗಡೆಗೆ ಇಳಿದಿರುತ್ತಿದ್ದವು, ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ. ಸಾಹೇಬರಿಗೂ ಅದೇ ಬೇಕಿತ್ತು. ಬಣ್ಣ ಮಾತ್ರ ಗೋಡೆಯ ಮೇಲೆ ನಿಜ ಹೇಳುತ್ತಿತ್ತು! ಬಿಯರ್ ಸಾಫ್ಟ್‌ವೇರ್‌ಗಳಲ್ಲೂ ಇದೇ ಎರಡು ಕಾಲಂ. ಬಲಗಡೆ ಏನೂ ಬರೆಯದಿದ್ದರೂ ಅಂದಾಜಿನ ಅಂಕಿ ಪರದೆಯ ಮೇಲೆ ಹೊಳೆಯುತ್ತಲೇ ಇರುತ್ತದೆ. ದಶಮಾಂಶ ಬೇರೆ ಇರುವುದರಿಂದ ಅಳೆದದ್ದೇ ಇರಬೇಕು ಅನ್ನಿಸುತ್ತದೆ.

ಇದು ಬರೀ ಶಿಸ್ತಿನ ಮಾತಲ್ಲ ಮಾರಾಯ್ರೆ, ಕೈ ಕಣ್ಣಿನ ಮಾತು. ಬಾಟಲಿಗೆ ತುಂಬುವಾಗ ನೊರೆ ಬರಲೆಂದು ಇನ್ನಷ್ಟು ಸಕ್ಕರೆ ಹಾಕಬೇಕು. 20 ಲೀಟರಿಗೆ ಸುಮಾರು 120 ಗ್ರಾಂ. ಸಾಫ್ಟ್‌ವೇರಿನ ಈ ಲೆಕ್ಕ ಸರಿಯೇ, ಆದರೆ ಹುದುಗು ಪೂರ್ತಿ ಮುಗಿದಿದೆ ಅಂತ ನಂಬಿ ಹೇಳುವ ಲೆಕ್ಕ. ಬಿಯರ್ ಇನ್ನೂ 1.016ರಲ್ಲೇ ನಿಂತಿದ್ದು, ಪರದೆಯಲ್ಲಿ 1.010 ಇದೆಯಲ್ಲ ಅಂತ ಮುಚ್ಚಳ ಹಾಕಿದರೆ, ಉಳಿದ ಸಕ್ಕರೆಯೂ ಬಾಟಲಿಯೊಳಗೇ ಗ್ಯಾಸ್ ಆಗುತ್ತದೆ. ಗಾಜು ಸಿಡಿಯಬಹುದು. ಹೈಡ್ರೋಮೀಟರ್ ಇಳಿಬಿಟ್ಟು, ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ, ಅಂಕಿ ಕದಲಿಲ್ಲ ಅಂತಾದರೆ ಮಾತ್ರ ತುಂಬಬೇಕು. ಆ ಹೈಡ್ರೋಮೀಟರೂ ಸಾಮಾನ್ಯವಾಗಿ 20 ಡಿಗ್ರಿಗೆ ಹೊಂದಿಸಿದ್ದು. ಬಿಸಿ ರಸದಲ್ಲಿ ಅದ್ದಿದರೆ ಕಡಿಮೆ ತೋರಿಸುತ್ತದೆ. ಆದ್ದರಿಂದ ಬಿಸಿ ಎಷ್ಟಿತ್ತು ಅನ್ನುವುದನ್ನೂ ಪಕ್ಕದಲ್ಲಿ ಬರೆಯಬೇಕು.

ನೀರಿನ ಕಥೆ ಇನ್ನೂ ಮಜಾ. ಓಖ್ಲಾದಲ್ಲಿ ನಮ್ಮ ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಆರ್‌ಒ ರಿಪೇರಿಗೆ ಬರುವ ಹುಡುಗ ಪೆನ್ನಿನಂಥ ಮೀಟರ್ ಅದ್ದಿ ಟಿಡಿಎಸ್ ಇಷ್ಟು ಅಂತ ಒಂದೇ ಒಂದು ಅಂಕಿ ಹೇಳಿ ಹೋಗುತ್ತಾನೆ. ಬಿಯರ್ ಸಾಫ್ಟ್‌ವೇರ್ ಆರು ಕೇಳುತ್ತದೆ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಲ್ಫೇಟ್, ಕ್ಲೋರೈಡ್, ಬೈಕಾರ್ಬೊನೇಟ್. ಯಾವ ಉಪ್ಪು ಎಷ್ಟು ಅನ್ನುವುದರ ಮೇಲೇ ಊರೂರಿನ ಬಿಯರ್ ಬೆಳೆದದ್ದು. ಚೆಕ್ ದೇಶದ ಪಿಲ್ಸೆನ್‌ನ ನೀರು ತೀರಾ ಮೆದು, ಇಂಗ್ಲೆಂಡಿನ ಬರ್ಟನ್ ಊರಿನದು ಜಿಪ್ಸಂ ತುಂಬಿದ ಗಡಸು. ರೆಡಿಂಗ್‌ನ ನೀರೂ ಸುಣ್ಣದ ಗಡಸೇ. ಮಾವ ಸೋದರಳಿಯ ಇಬ್ಬರ ಕೆಟಲಿನಲ್ಲೂ ಒಂದೇ ಬಿಳಿ ಪದರ :-)

ಇನ್ನು ಕಾನೂನು. 2009ರ ದೆಹಲಿ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಜೈಲು, ದಂಡ ಎರಡೂ ಇದೆ. ನನ್ನ ಅಡುಗೆಮನೆಯ ಹತ್ತು ಲೀಟರಿಗೂ ಕಳ್ಳಬಟ್ಟಿಯ ಅಡ್ಡೆಗೂ ಒಂದೇ ಕಾಯ್ದೆ. ಕರ್ನಾಟಕದ 1965ರ ಕಾಯ್ದೆಯೂ ಮನೆಯವರಿಗೆ ಅಂತ ಬಾಗಿಲು ತೆರೆದಿಲ್ಲ. ತಮಾಷೆ ನೋಡಿ: ದೆಹಲಿಯ ನಿಯಮದಂತೆ 25 ದಾಟಿದ ಒಬ್ಬ ಮನುಷ್ಯ ಕೊಂಡು ತಂದ ಬಿಯರನ್ನು 18 ಲೀಟರಿನವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ತಾನೇ ಮಾಡಿದ ಒಂದು ಲೋಟ ಇಟ್ಟುಕೊಳ್ಳುವ ಹಾಗಿಲ್ಲ.

ಈ ಹೆದರಿಕೆಗೆ ಕಾರಣ ಇಲ್ಲದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು ಮುನ್ನೂರರಷ್ಟು ಜನ ಸತ್ತದ್ದು ನಮ್ಮ ವಯಸ್ಸಿನವರಿಗೆ ಮರೆಯುವಂಥದ್ದಲ್ಲ. 2008ರಲ್ಲಿ ಕರ್ನಾಟಕ ತಮಿಳುನಾಡು ಗಡಿಯಲ್ಲಿ ಮತ್ತೆ ಅದೇ ಆಯಿತು. ಆದರೆ ಇಂಥ ಕಡೆ ಕೊಲ್ಲುವುದು ಮೆಥನಾಲ್, ಕಾರ್ಖಾನೆಗೆಂದು ತಯಾರಾದದ್ದನ್ನು ದುಡ್ಡಿನಾಸೆಗೆ ಬೆರೆಸಿ ಮಾರಿದ್ದು. ಬಾರ್ಲಿ ರಸಕ್ಕೆ ಯೀಸ್ಟ್ ಹಾಕಿ ಹುದುಗಿಸಿದ್ದರಲ್ಲಿ ಅದು ಅಪಾಯದ ಮಟ್ಟಕ್ಕೆ ಬರುವುದೇ ಇಲ್ಲ. ಭಟ್ಟಿ ಇಳಿಸುವುದು ಬೇರೆ, ಹುದುಗಿಸುವುದು ಬೇರೆ. ಚಳಿಗಾಲದಲ್ಲಿ ಇಲ್ಲಿನ ಪಂಜಾಬಿ ಮನೆಗಳ ಬಿಸಿಲುಮಚ್ಚಿನ ಮೇಲೆ ಕಪ್ಪು ಗಜ್ಜರಿಯ ಕಾಂಜಿ ಹುದುಗುತ್ತಿರುತ್ತದೆ, ಕ್ರಿಸ್‌ಮಸ್ಸಿಗೆ ಮಂಗಳೂರಿನ ಮನೆಗಳಲ್ಲಿ ದ್ರಾಕ್ಷಿ ವೈನ್. ಯಾರೂ ಹೋಗಿ ಜಾಡಿ ಒಡೆಯುವುದಿಲ್ಲ.

ಬ್ರಿಟನ್‌ನಲ್ಲಿ 1963ರವರೆಗೆ ಮನೆ ಬಿಯರಿಗೂ ಲೈಸೆನ್ಸ್ ಬೇಕಿತ್ತು. ಆ ವರ್ಷ ತೆಗೆದುಹಾಕಿದರು, ಮಾರಬಾರದು ಅಷ್ಟೇ. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು, ಆದರೂ ಒಂದೊಂದು ರಾಜ್ಯವೂ ತನ್ನ ಕಾನೂನು ತಾನೇ ತಿದ್ದಬೇಕಾಯಿತು. ಅಲಬಾಮಾ, ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ನಮ್ಮಲ್ಲೂ ಮದ್ಯ ರಾಜ್ಯಗಳ ಪಟ್ಟಿಯ ವಿಷಯ. ವಿನಾಯಿತಿ ಕೊಟ್ಟ ಉದಾಹರಣೆಯೂ ಇಲ್ಲೇ ಇದೆ. ಮಧ್ಯಪ್ರದೇಶದ ಅನುಸೂಚಿತ ಪ್ರದೇಶದ ಬುಡಕಟ್ಟು ಮನೆಗಳು ತಮ್ಮ ಬಳಕೆಗೆ ಒಂದು ಮಿತಿಯೊಳಗೆ ತಯಾರಿಸಿಕೊಳ್ಳಬಹುದು.

ನಾನು ಕೇಳುವುದು ಇಷ್ಟೇ. ಆ 18 ಲೀಟರಿನ ಮಿತಿಯನ್ನೇ ಇಡಿ. ಭಟ್ಟಿ ಬೇಡ, ಮಾರಾಟ ಬೇಡ. ಬ್ಯಾಚಿನ ತಾರೀಕು, ಮಾಲ್ಟ್ ಎಷ್ಟು, ಮೊದಲ ಸಾಂದ್ರತೆ, ಕೊನೆಯ ಸಾಂದ್ರತೆ ಬರೆದಿಡಲಿ. ಅಧಿಕಾರಿ ಬಂದರೆ ತೋರಿಸಲಿ. ಕಂಪ್ಯೂಟರ್ ಇದ್ದವರಿಗೆ ಮಾತ್ರ ಅನುಕೂಲವಾಗುವ ನಿಯಮ ಇದು ಅಂತ ಹೆಂಡತಿಯ ತಕರಾರು. ಅವಳ ಮಾತಿನಲ್ಲಿ ಹುರುಳಿದೆ. ಕಿರಾಣಿ ಅಂಗಡಿಯ ಕೆಂಪು ಬಹಿಯಲ್ಲಿ ಬರೆದರೂ ಒಪ್ಪಬೇಕು. ಕುಡಿತ ಹೆಚ್ಚುತ್ತದೆ ಅನ್ನುವವರಿಗೆ ನನ್ನ ಉತ್ತರ ಬೇರೆ: ಒಂದು ತಿಂಗಳು ಕಾಯಬೇಕಾದದ್ದನ್ನು ಕುಡುಕ ಮಾಡುವುದಿಲ್ಲ, ಅವನಿಗೆ ಠೇಕಾ ಎರಡು ಗಲ್ಲಿ ಆಚೆಗಿದೆ. ಕಾನೂನು ಬದಲಾಗುವವರೆಗೆ ನಾನಂತೂ ಇಲ್ಲಿ ಪಾತ್ರೆ ಇಡುವುದಿಲ್ಲ. ಇಷ್ಟು ವರ್ಷ ಬಾಳಿದ ಊರಿನಲ್ಲಿ, ಈ ವಯಸ್ಸಿನಲ್ಲಿ, ಪೋಲೀಸ್ ಠಾಣೆಯ ಬೆಂಚು ಯಾರಿಗೆ ಬೇಕು?

ಸದ್ಯಕ್ಕೆ ನಮ್ಮಿಬ್ಬರ ತಲೆಯಲ್ಲಿರುವುದು ರಾಗಿ. ಮೊಳಕೆ ರಾಗಿಯ ಹಿಟ್ಟು ನಮಗೇನು ಹೊಸದೇ? ಸಿಕ್ಕಿಂ ಕಡೆ ತೊಂಗ್ಬಾ ಮಾಡುವುದೂ ರಾಗಿಯಿಂದಲೇ. ಆದರೆ ನಮ್ಮ ಸಾಫ್ಟ್‌ವೇರಿನ ಧಾನ್ಯಗಳ ಪಟ್ಟಿಯಲ್ಲಿ ರಾಗಿ ಕಾಣಲಿಲ್ಲ. ಹೊಸದಾಗಿ ಸೇರಿಸಿದರೆ, ಕೆಜಿಗೆ ಎಷ್ಟು ಸಕ್ಕರೆ ಇಳಿಯುತ್ತದೆ ಅಂತ ಕೇಳುತ್ತದೆ. "ಬಾರ್ಲಿಯದ್ದೇ ಹಾಕಿಬಿಡೋಣ ಮಾವ" ಅಂದ ಹುಡುಗ. "ಬೇಡ ಕಣೋ, ಸಣ್ಣದಾಗಿ ಮೂರು ಸಲ ಮಾಡಿ ಅಳೆ" ಅಂದೆ. ಕೆಲವೇ ಸಲ ಅಳೆದದ್ದನ್ನು ಎಷ್ಟು ನಂಬಬಹುದು ಅನ್ನುವ ಗಣಿತ ಹುಟ್ಟಿದ್ದೂ ಬಿಯರ್ ಕಂಪನಿಯಲ್ಲೇ. ಡಬ್ಲಿನ್‌ನ ಗಿನ್ನೆಸ್‌ನಲ್ಲಿದ್ದ ಗಾಸೆಟ್ 1908ರಲ್ಲಿ ಸ್ಟೂಡೆಂಟ್ ಅನ್ನುವ ಹೆಸರಿನಲ್ಲಿ ಅದನ್ನು ಪ್ರಕಟಿಸಿದ. ಹುಡುಗ ರಾಗಿ ತಂದು ನೆನೆಹಾಕಿದ್ದಾನೆ. ನಾಲ್ಕು ನಾಲ್ಕು ಲೀಟರಿನ ಮೂರು ಬ್ಯಾಚ್. ಈ ಸಲ ಎಡಗಡೆಯ ಕಾಲಂ ಖಾಲಿ ಬಿಟ್ಟಿದ್ದೇನೆ.