ಜಿನ್ನ್ ಅಲ್ಲ, ಗಾಯ

ಲೋಂಡಾ ಜಂಕ್ಷನ್‌ನಲ್ಲಿ ಬೆಳಗಾವಿ, ಹುಬ್ಬಳ್ಳಿ ಮತ್ತು ಗೋವಾದ ಹಳಿಗಳು ಕೂಡುತ್ತವೆ. ಇಂತಹ ನಿಲ್ದಾಣಗಳಲ್ಲಿ ಒಂಟಿಯಾಗಿ ರೈಲಿನಿಂದಿಳಿಯುವ ಬಾಲಕನನ್ನು ಕಂಡರೆ ನಾವು ಕೇಳುವ ಮೊದಲ ಪ್ರಶ್ನೆ, 'ಎಲ್ಲಿಂದ ಬಂದೆ?' ಯಾಕೆ ಮನೆ ಬಿಟ್ಟೆ ಎಂದು ಕೇಳುವವರು ವಿರಳ. ಕೇಳಿದರೂ ಉತ್ತರವನ್ನು ಪೂರ್ತಿ ಆಲಿಸುವ ತಾಳ್ಮೆ ನಮಗಿರುವುದಿಲ್ಲ.

2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಕೇಂದ್ರ ಸರಕಾರ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಪ್ರತಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು. ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳವನ್ನು ಹೇಳಿಕೊಂಡಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು. ಗೋವಾ, ಮಹಾರಾಷ್ಟ್ರಗಳು ಆ ಅಧ್ಯಯನದಲ್ಲಿದ್ದವು. ಅವುಗಳ ನೆರೆಯ ನಮ್ಮ ಕರ್ನಾಟಕ ಇರಲಿಲ್ಲ. ಲೆಕ್ಕಕ್ಕೆ ಸಿಗದ್ದರಿಂದ ನಾವೇನೂ ಸುರಕ್ಷಿತರಾಗುವುದಿಲ್ಲ.

ಬಾಲ್ಯದ ಹಿಂಸೆ ಬಾಲ್ಯದಲ್ಲೇ ಮುಗಿಯುವುದಿಲ್ಲ ಎಂಬುದನ್ನು ವೈದ್ಯಶಾಸ್ತ್ರ ಗುರುತಿಸಿದ್ದು ಆಕಸ್ಮಿಕವಾಗಿ. ಅಮೆರಿಕದ ಸ್ಯಾನ್ ಡಿಯಾಗೋದ ಬೊಜ್ಜು ಚಿಕಿತ್ಸಾಲಯದಲ್ಲಿ, ತೂಕ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದುದನ್ನು ಡಾ. ವಿನ್ಸೆಂಟ್ ಫೆಲಿಟ್ಟಿ ಗಮನಿಸಿದರು. ವಿಚಾರಿಸಿದಾಗ ಹಲವರು ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ್ದರು. ಆ ಜಾಡು ಹಿಡಿದು ಡಾ. ರಾಬರ್ಟ್ ಆಂಡಾ ಜೊತೆ ಅವರು ನಡೆಸಿದ, ಸುಮಾರು 9,500 ವಯಸ್ಕರ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ನಾಲ್ಕು ಅಥವಾ ಹೆಚ್ಚು ಬಗೆಯ ಬಾಲ್ಯ ಸಂಕಟಗಳನ್ನು ಕಂಡವರಲ್ಲಿ ಕುಡಿತ, ಮಾದಕ ವ್ಯಸನ, ಖಿನ್ನತೆ ಹಾಗೂ ಆತ್ಮಹತ್ಯೆ ಯತ್ನದ ಅಪಾಯ, ಏನೂ ಕಾಣದವರಿಗಿಂತ 4ರಿಂದ 12 ಪಟ್ಟು ಅಧಿಕವಾಗಿತ್ತು. ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳೂ ಅದೇ ಕ್ರಮದಲ್ಲಿ ಹೆಚ್ಚಿದ್ದವು. ಸದಾ ಭಯದಲ್ಲಿರುವ ಮಗುವಿನ ದೇಹ ಎಚ್ಚರಿಕೆಯ ಹಾರ್ಮೋನುಗಳನ್ನು ಸುರಿಸುತ್ತಲೇ ಇರುತ್ತದೆ. ಬೆಳೆಯುವ ಮಿದುಳು, ರೋಗನಿರೋಧಕ ಶಕ್ತಿ ಎರಡೂ ಅದರ ಬೆಲೆ ತೆರುತ್ತವೆ. ಆದರೆ ಇದು ಹಣೆಬರಹವಲ್ಲ. ನಂಬಿ ಆಲಿಸುವ ಒಬ್ಬ ಹಿರಿಯ ಜೊತೆಗಿದ್ದರೂ ಅಪಾಯ ತಗ್ಗುತ್ತದೆ.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಮಗಳಿಗೆ ಕಾರಣವಿಲ್ಲದೆ ಹೊಟ್ಟೆನೋವು, ಹತ್ತು ವರ್ಷದ ಮಗನಿಗೆ ಮತ್ತೆ ಹಾಸಿಗೆ ಒದ್ದೆ, ರಾತ್ರಿ ಚೀರಾಟ. ಕೂಡಲೇ ಜಿನ್ನ್ ಎನ್ನುತ್ತೇವೆ, ತಾಯತ ಕಟ್ಟಿಸುತ್ತೇವೆ. ಮಗು ಬಾಯಿಬಿಟ್ಟು ಹೇಳಿದರಂತೂ 'ಇನ್ನೊಮ್ಮೆ ಈ ಮಾತು ಎತ್ತಬೇಡ' ಎಂಬ ಅಪ್ಪಣೆ. ಅಪರಾಧಿ ಹೆಚ್ಚಾಗಿ ಪರಿಚಿತನೇ. ಆದ್ದರಿಂದ ನಾಲ್ಕು ಹಿರಿಯರು ಕೂತು ಮರ್ಯಾದೆ ಉಳಿಸುತ್ತಾರೆ. ಯಾರ ಮರ್ಯಾದೆ?

ಇಂತಹ ರಾಜಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಹೆಸರು ಬಯಲಾಗುವ ಭೀತಿ ಇರುವವರು ಗಮನಿಸಲಿ: ಮಗುವಿನ ಗುರುತನ್ನು ಮಾಧ್ಯಮಗಳು ಪ್ರಕಟಿಸುವಂತಿಲ್ಲ, ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ಪಡೆಯಬೇಕು. ಎಫ್‌ಐಆರ್ ಆಗದಿದ್ದರೂ ವೈದ್ಯಕೀಯ ಪರೀಕ್ಷೆ ನಡೆಯಬಹುದು.

ಮದ್ರಸಗಳ ಬಗ್ಗೆಯೂ ಒಂದು ಮಾತು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ, 2012ರ ತಿದ್ದುಪಡಿಯ ನಂತರ ಮದ್ರಸ ಮತ್ತು ವೇದ ಪಾಠಶಾಲೆಗಳಿಗೆ ಅನ್ವಯಿಸುವುದಿಲ್ಲ. ವಿನಾಯಿತಿ ಕೇಳಿದವರಲ್ಲಿ ನಮ್ಮ ಸಂಘಟನೆಗಳೂ ಇದ್ದವು. ನಾವು ಕೇಳಿದ್ದು ಪಠ್ಯದ ಸ್ವಾತಂತ್ರ್ಯವನ್ನು, ಬೆತ್ತದ ಸ್ವಾತಂತ್ರ್ಯವನ್ನಲ್ಲ. 2015ರ ಬಾಲನ್ಯಾಯ ಕಾಯ್ದೆ ಮಕ್ಕಳ ಮೇಲಿನ ಕ್ರೌರ್ಯವನ್ನು ಎಲ್ಲಿ ನಡೆದರೂ ಅಪರಾಧವೆನ್ನುತ್ತದೆ. ಹತ್ತು ವರ್ಷ ಸೇವೆ ಮಾಡಿದ ಬಾಲಕ ಅನಸ್‌ರಿಗೆ(ರ) ಪ್ರವಾದಿಯವರು(ಸ) ಒಮ್ಮೆಯೂ 'ಛೆ' ಎನ್ನಲಿಲ್ಲವೆಂಬುದನ್ನು ಮಿಂಬರಿನಿಂದ ಹೇಳುವವರು, ತರಗತಿಯಲ್ಲೂ ನೆನಪಿಟ್ಟುಕೊಳ್ಳಲಿ.

ಸರಕಾರದ ಹೊಣೆ ಬೇರೆಯೇ ಇದೆ. 1098 ಮಕ್ಕಳ ಸಹಾಯವಾಣಿ ಇದೆ, 2022ರಿಂದ ಮಾನಸಿಕ ನೆರವಿಗೆ ಟೆಲಿ ಮಾನಸ್‌ನ 14416 ಇದೆ. ಆದರೆ ಗಾಯಗೊಂಡ ಮಗುವಿಗೆ ಫೋನು ಸಾಲದು, ಎದುರಿಗೆ ಕೂರುವ ಮನುಷ್ಯ ಬೇಕು. ಲೋಂಡಾದ ಕೂಲಿಕಾರ ತಾಯಿ ಪ್ರತಿ ವಾರ ಐವತ್ತು ಕಿಲೋಮೀಟರ್ ದೂರದ ಬೆಳಗಾವಿಗೆ ಹೋದರೆ ಅಂದಿನ ದುಡಿಮೆ ಹೋಯಿತು. ಮೂರನೆಯ ವಾರಕ್ಕೆ ಚಿಕಿತ್ಸೆಯೂ ನಿಲ್ಲುತ್ತದೆ. ಖಾನಾಪುರದ ತಾಲೂಕು ಆಸ್ಪತ್ರೆಯಲ್ಲೇ ವಾರದ ನಿಗದಿತ ದಿನ ಮಕ್ಕಳ ಆಪ್ತಸಮಾಲೋಚಕರು ಲಭ್ಯವಿರುವುದನ್ನು ಜಿಲ್ಲಾಡಳಿತ ಖಚಿತಪಡಿಸಬೇಕು, ಆ ದಿನ ಯಾವುದೆಂದು ಲೋಂಡಾ ನಿಲ್ದಾಣದ ಗೋಡೆಯ ಮೇಲೆ ಕನ್ನಡ, ಮರಾಠಿ, ಉರ್ದುವಿನಲ್ಲಿ ಬರೆಸಬೇಕು.