ಮಾರ್ಕೋನಹಳ್ಳಿಯಲ್ಲಿ ಹೋದ ಆರು ಜೀವಕ್ಕೆ ಒಂದು ಕಲ್ಲು ನಿಲ್ಲಲಿ!

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಬಂಧುಗಳೇ,

2025ರ ಅಕ್ಟೋಬರ್ 7, ಮಂಗಳವಾರ. ತುಮಕೂರಿನ ಒಂದು ಕುಟುಂಬ ನಮ್ಮ ನಿಮ್ಮ ಹಾಗೆಯೇ ತುಂಬಿದ ಮಾರ್ಕೋನಹಳ್ಳಿ ಜಲಾಶಯ ನೋಡಲು ಹೋಗಿತ್ತು. ಏಳು ಮಂದಿ ನೀರಿನಲ್ಲಿ ನಿಂತಿದ್ದರು. ಸೈಫನ್ನಿನಿಂದ ನೀರು ಒಮ್ಮೆಗೇ ನುಗ್ಗಿತು. ಒಬ್ಬರು ಉಳಿದರು. ಆರು ಮಂದಿ ಕೊಚ್ಚಿಹೋದರು. ಹೆಂಗಸರು, ಮಕ್ಕಳು!

ಅವರ ಹೆಸರು ಈಗ ಎಲ್ಲಿದೆ? ಠಾಣೆಯ ಕಡತದಲ್ಲಿದೆ. ಜೀವ ಹೋದ ಜಾಗದಲ್ಲಿ ಇಲ್ಲ.

ಮಾರ್ಕೋನಹಳ್ಳಿ ಸೈಫನ್ ಎಂದರೆ ನಮಗೆಲ್ಲ ಹೆಮ್ಮೆ. ಮೈಸೂರು ಸಂಸ್ಥಾನದ ಕಾಲದ ಕೆಲಸ ಅದು. ನೀರು ತುಂಬಿದ ಮಟ್ಟ ದಾಟಿದರೆ ಸಾಕು, ಕೊಳವೆಯೊಳಗಿನ ಗಾಳಿಯನ್ನು ನೀರೇ ಸೆಳೆದುಕೊಂಡು ಹೊರದೂಡಿ, ಪೂರ್ತಿ ರಭಸದಲ್ಲಿ ಧುಮುಕುತ್ತದೆ. ಗೇಟು ಎತ್ತುವ ಆಳು ಬೇಡ, ಕರೆಂಟು ಬೇಡ. ಆ ಜಾಣ್ಮೆಗೆ ಕೈ ಮುಗಿಯುತ್ತೇವೆ. ಆದರೆ ಗೇಟು ಎತ್ತುವ ಮನುಷ್ಯನಾಗಿದ್ದರೆ ಕೆಳಗೆ ನಿಂತ ಮಕ್ಕಳನ್ನು ಕಂಡು ಒಂದು ಕೂಗು ಹಾಕುತ್ತಿದ್ದ. ಸೈಫನ್ನಿಗೆ ಕಣ್ಣೂ ಇಲ್ಲ, ಬಾಯಿಯೂ ಇಲ್ಲ. ಅದರ ಪರವಾಗಿ ಇನ್ನು ಕಲ್ಲೇ ಮಾತಾಡಬೇಕು. ಆರು ಹೆಸರು ಕೆತ್ತಿದ ಕಲ್ಲನ್ನು ಓದಿದ ಯಾವ ತಾಯಿ ತನ್ನ ಕೂಸನ್ನು ಆ ನೀರಿಗೆ ಇಳಿಸುತ್ತಾಳೆ?

‘ನೀರಿಗೆ ಇಳಿದದ್ದು ಅವರದೇ ತಪ್ಪು’ ಅನ್ನುವ ಜಾಣರಿದ್ದಾರೆ. ಸ್ವಾಮಿ, ಕೋಡಿ ಬಿದ್ದ ಸುದ್ದಿ ಕೇಳಿ ಬುತ್ತಿ ಕಟ್ಟಿಕೊಂಡು ಹೊರಡದ ಮನೆ ಈ ಜಿಲ್ಲೆಯಲ್ಲಿ ಯಾವುದಿದೆ? ಹರಿಯುವ ನೀರಿಗೆ ಕಾಲು ಇಡದ ಮಗು ಯಾವುದಿದೆ? ಕುಣಿಗಲ್ ಕೆರೆಯನ್ನು ಹಾಡು ಕಟ್ಟಿ ಹಾಡಿದ ಜನ ನಾವು. ನೀರು ನೋಡಲು ಹೋಗುವುದು ತಪ್ಪಾದರೆ ಆ ಹಾಡೂ ತಪ್ಪು!

‘ಸ್ಮಾರಕ ಹೋರಾಟಗಾರರಿಗೆ, ಇವರೇನು ದೇಶಕ್ಕಾಗಿ ಸತ್ತರೇ?’ ಎಂದೂ ಕೇಳುತ್ತಾರೆ. 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಹೋರಾಟದಲ್ಲಿ ಗುಂಡಿಗೆ ಬಲಿಯಾದವರಿಗೆ ವಿದುರಾಶ್ವತ್ಥದಲ್ಲಿ ಸ್ಮಾರಕವಿದೆ, ಅಲ್ಲಿ ನಾವೂ ತಲೆಬಾಗುತ್ತೇವೆ. ಆದರೆ ದನ ಉಳಿಸಲು ಹೋಗಿ ಸತ್ತವನಿಗೂ ನಮ್ಮ ಹಿರಿಯರು ಊರ ಮುಂದೆ ವೀರಗಲ್ಲು ನಿಲ್ಲಿಸಿದರು. ಅವರ ಹತ್ತಿರ ಅನುದಾನವಿರಲಿಲ್ಲ, ಸಮಿತಿ ಇರಲಿಲ್ಲ. ಸತ್ತವರ ಮೇಲೆ ಮರ್ಯಾದೆ ಇತ್ತು.

ಇನ್ನು ಹೇಮಾವತಿ ನೀರಿನ ಲಿಂಕ್ ಕೆನಾಲ್ ಬೇಡವೆಂದು ಗುಬ್ಬಿಯಲ್ಲಿ ಬೀದಿಗಿಳಿದವರೇ, ಬೇಕೇ ಬೇಕೆಂದು ಕುಣಿಗಲ್ಲಿನಲ್ಲಿ ಪಟ್ಟು ಹಿಡಿದವರೇ, ನಿಮ್ಮನ್ನೇ ಕೇಳುತ್ತಿದ್ದೇವೆ. ಹೇಮಾವತಿಯ ಒಂದೊಂದು ಹನಿಗೂ ಲೆಕ್ಕ ಕೇಳುವ ನಿಮಗೆ ಈ ಆರು ಜೀವ ಯಾರ ಲೆಕ್ಕ? ಅಣೆಕಟ್ಟು ಕುಣಿಗಲ್ಲಿನದು, ಸತ್ತವರು ತುಮಕೂರಿನವರು ಎಂದು ಜಾರಿಕೊಳ್ಳಬೇಡಿ. ಶಿಂಷೆ ದೇವರಾಯನದುರ್ಗದ ಬುಡದಲ್ಲಿ ಹುಟ್ಟಿ, ಗುಬ್ಬಿಯ ಕಡಬ ಕೆರೆಯನ್ನು ತುಂಬಿ, ಮಾರ್ಕೋನಹಳ್ಳಿಗೆ ಬರುತ್ತಾಳೆ. ಮೂರೂ ತಾಲ್ಲೂಕಿನ ನೀರು ಅದು, ಮೂರೂ ತಾಲ್ಲೂಕಿನ ಸಾವು.

ಜಲಾಶಯ ತುಂಬಿದರೆ ರೇಷ್ಮೆ ಸೀರೆ ಇಟ್ಟು ಬಾಗಿನ ಬಿಡಲು ಕಾರಿನ ಸಾಲು ಬರುತ್ತದೆ. ಆ ಸಾಲಿನಲ್ಲಿ ಬರುವ ಎಲ್ಲ ಪಕ್ಷದವರಿಗೂ ನಮ್ಮ ಮಾತು ಒಂದೇ: ಮುಂದಿನ ಬಾಗಿನಕ್ಕೆ ಮೊದಲು ಕಲ್ಲು ನಿಲ್ಲಬೇಕು. ಅಮೃತಶಿಲೆ ಬೇಡ, ಉದ್ಘಾಟಕರ ಹೆಸರಿನ ಫಲಕ ಬೇಡವೇ ಬೇಡ. ನಮ್ಮದೇ ಊರಿನ ಕರಿಕಲ್ಲು, ಅದರ ಮೇಲೆ ಆರು ಹೆಸರು.

ಮುಂದಿನ ಮಳೆಗಾಲ ದೂರವಿಲ್ಲ. ಗ್ರಾಮಸಭೆಯಲ್ಲಿ ಕೇಳಿ, ಸಂತೆಯಲ್ಲಿ ಕೇಳಿ, ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ. ಓದಿದ ಮೇಲೆ ಈ ಹಾಳೆಯನ್ನು ಮಡಚಿ ಜೇಬಿಗೆ ಹಾಕಬೇಡಿ, ಬಸ್ಸಿನಲ್ಲಿ ಪಕ್ಕ ಕೂತವರ ಕೈಗೆ ಕೊಡಿ.

ಇಂತಿ,
ಶಿಂಷಾ ದಡದ ನಾಗರಿಕರು