ಎಲ್ಲಾ ವಿಡಿಯೋ ಗೇಮೂ ಒಂದೇ ಅಲ್ಲ



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ "ವಿಡಿಯೋ ಗೇಮ್ ಆಡುವವರು ದಡ್ಡರಾಗುತ್ತಾರೆ" ಎಂದು ಬರೆದಿತ್ತು. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿಯೆಲ್ಲಾ ಗುಂಡು ಹಾರಿಸುವ ಆಟ ಆಡಿ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುವುದು ತಪ್ಪೇ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕಥೆ ಇರುವ ಆಟಗಳು ಅಂತ ಒಂದು ಬಗೆ ಇದೆ. ಅವನ್ನೂ ಸೇರಿಸಿ ಬೈಯುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಇವಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಅಂದರೆ ಪಾತ್ರ ಹಾಕುವ ಆಟ. ನಮ್ಮೂರ ಹಬ್ಬದಲ್ಲಿ ಕುರುಕ್ಷೇತ್ರ ನಾಟಕ ಆಡ್ತಾರಲ್ಲ, ಹಾಗೆ. ಆದರೆ ಒಂದು ವ್ಯತ್ಯಾಸ ಇದೆ. ನಾಟಕದಲ್ಲಿ ಕರ್ಣನ ಪಾತ್ರ ಹಾಕಿದವರು ಎಷ್ಟೇ ಚೆನ್ನಾಗಿ ಹಾಡಿದರೂ ಕೊನೆಗೆ ಕರ್ಣ ಸಾಯಲೇಬೇಕು. ಈ ಆಟಗಳಲ್ಲಿ ಕೆಲವು ಕಡೆ ಏನು ಮಾಡಬೇಕು ಅಂತ ನಮ್ಮನ್ನೇ ಕೇಳುತ್ತಾರೆ.

ನನಗೆ ಬಹಳ ಇಷ್ಟವಾದದ್ದು ಕ್ರೋನೋ ಟ್ರಿಗರ್. ಇದನ್ನು 1995ರಲ್ಲಿ ಜಪಾನಿನ ಸ್ಕ್ವೇರ್ ಕಂಪನಿಯವರು ಮಾಡಿದರು. ಪಾತ್ರಗಳ ಚಿತ್ರ ಬರೆದವರು ಅಕಿರಾ ತೋರಿಯಾಮಾ. ಡ್ರ್ಯಾಗನ್ ಬಾಲ್ ಕೂಡ ಅವರದ್ದೇ. ಅವರು 2024ರಲ್ಲಿ ತೀರಿಕೊಂಡರು. ಈ ಆಟ ಈಗ ಮೊಬೈಲಿನಲ್ಲೂ ಸಿಗುತ್ತದೆ, ದುಡ್ಡು ಕೊಟ್ಟು ಕೊಳ್ಳಬೇಕು. ಬೆಂಗಳೂರಿನ ನಮ್ಮ ಚಿಕ್ಕಪ್ಪನ ಮಗ ಕೊಂಡಿದ್ದಾನೆ. ರಜೆಯಲ್ಲಿ ಅವನ ಮೊಬೈಲಿನಲ್ಲಿ ಆಡಿದೆ.

ಆಟ ಶುರುವಾಗುವುದು ಒಂದು ಜಾತ್ರೆಯಲ್ಲಿ. ಕ್ರೋನೋ ಎಂಬ ಹುಡುಗ ಜಾತ್ರೆಗೆ ಬರುತ್ತಾನೆ. ಒಬ್ಬಳು ಹುಡುಗಿ ಅವನಿಗೆ ಡಿಕ್ಕಿ ಹೊಡೆದು ಬೀಳುತ್ತಾಳೆ, ಅವಳ ಪದಕವೂ ಬೀಳುತ್ತದೆ. ಮೊದಲು ಅವಳನ್ನು ಮಾತಾಡಿಸುತ್ತೀಯಾ, ಪದಕ ಎತ್ತಿಕೊಳ್ಳುತ್ತೀಯಾ? ಒಂದು ಕಡೆ ಒಬ್ಬ ಮುದುಕನ ಊಟ ಇರುತ್ತದೆ, ತಿನ್ನುತ್ತೀಯಾ? ಒಂದು ಮಗುವಿನ ಬೆಕ್ಕು ಕಳೆದುಹೋಗಿದೆ, ಹುಡುಕಿ ಕೊಡುತ್ತೀಯಾ? ಆಗ ಯಾರೂ ಏನೂ ಅನ್ನುವುದಿಲ್ಲ. ನಾವೂ ಮರೆತುಬಿಡುತ್ತೇವೆ. ಆಮೇಲೆ ರಾಜಕುಮಾರಿಯನ್ನು ಕದ್ದೊಯ್ದ ಅಂತ ಕ್ರೋನೋ ಮೇಲೆ ಸುಳ್ಳು ಆಪಾದನೆ ಬಂದು ಕೋರ್ಟಿನಲ್ಲಿ ನಿಲ್ಲಿಸುತ್ತಾರೆ. ಇವನು ಎಂಥವನು ಅಂತ ಅಲ್ಲಿ ವಿಚಾರಣೆ ಆಗುತ್ತದೆ. ಆ ಮುದುಕನೂ ಸಾಕ್ಷಿ, ಆ ಮಗುವೂ ಸಾಕ್ಷಿ!

ಇನ್ನೊಂದು ವಿಷಯ. ತೀರ್ಪು ಏನೇ ಬಂದರೂ ಕ್ರೋನೋಗೆ ಜೈಲು ತಪ್ಪುವುದಿಲ್ಲ. "ಹಾಗಾದ್ರೆ ಬೆಕ್ಕು ಹುಡುಕಿ ಏನು ಲಾಭ?" ಅಂತ ಅಣ್ಣ ಕೇಳಿದ. ನನಗೆ ಇಷ್ಟವಾದದ್ದೇ ಅದು. ಲಾಭಕ್ಕೆ ಬೆಕ್ಕು ಹುಡುಕಿದರೆ ಅದು ವ್ಯಾಪಾರ. ಮಗು ಅಳುತ್ತಿದೆ ಅಂತ ಹುಡುಕಿದರೆ ಒಳ್ಳೆಯತನ. ಇದನ್ನು ನೀತಿಪಾಠದಲ್ಲಿ ಓದಿದರೆ ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ. ನಾವೇ ಕಟಕಟೆಯಲ್ಲಿ ನಿಂತರೆ ಮರೆಯುವುದಿಲ್ಲ.

ಇಂಥ ಆಟಗಳಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಆಟಗಳಲ್ಲಿ ಲೆವೆಲ್ ಏರಿಸಲು ಒಂದೇ ರಾಕ್ಷಸನನ್ನು ಮತ್ತೆ ಮತ್ತೆ ಹೊಡೆಯಬೇಕು. ಅದು ಶುದ್ಧ ಬೇಜಾರು. ಅಲ್ಲಿ ಕಥೆ ನಿಂತುಹೋಗಿ ಬರೀ ಬೆರಳು ಓಡುತ್ತದೆ. ಇದಕ್ಕೆ ಅಂಡರ್‌ಟೇಲ್ ಎಂಬ ಆಟ ಒಳ್ಳೆ ಉತ್ತರ ಕೊಟ್ಟಿದೆ. 2015ರಲ್ಲಿ ಅಮೆರಿಕದ ಟೋಬಿ ಫಾಕ್ಸ್ ಎಂಬುವರು ಬಹುಪಾಲು ಒಬ್ಬರೇ ಮಾಡಿದ ಆಟ ಅದು. ನಾನು ಆಡಿಲ್ಲ, ಅಣ್ಣ ಕಂಪ್ಯೂಟರಿನಲ್ಲಿ ಆಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಅದರಲ್ಲಿ ಎದುರು ಬಂದವರನ್ನು ಹೊಡೆಯಬಹುದು, ಇಲ್ಲವೇ ಮಾತಾಡಿಸಿ ಬಿಟ್ಟುಬಿಡಬಹುದು. ಒಂದು ನಾಯಿಯ ತಲೆ ಸವರಿದರೆ ಅದರ ಕತ್ತು ಉದ್ದ ಆಗುತ್ತಲೇ ಹೋಗುತ್ತದೆ! ಯಾರನ್ನೂ ಕೊಲ್ಲದೆ ಆಟ ಮುಗಿಸಬಹುದು. ಹೊಡೆದರೆ ಲೆವೆಲ್ ಏರುತ್ತದೆ. ಆದರೆ ಆ ಲೆವೆಲ್ ಅಂದರೆ ಶಕ್ತಿಯಲ್ಲ, ನೀನು ಎಷ್ಟು ಹಿಂಸೆ ಮಾಡಿದ್ದೀಯ ಎಂಬ ಲೆಕ್ಕ ಅಂತ ಕೊನೆಯ ಹತ್ತಿರ ಗೊತ್ತಾಗುತ್ತದೆ. ನನಗೆ ಮೈ ಜುಮ್ ಅಂತು.

ನನ್ನ ದೊಡ್ಡ ದೂರು ಬೇರೆ ಇದೆ. ಇವೆರಡೂ ಕನ್ನಡದಲ್ಲಿ ಇಲ್ಲ. ಕ್ರೋನೋ ಟ್ರಿಗರನ್ನು ಜಪಾನಿನ ಮಕ್ಕಳು ತಮ್ಮ ಮಾತಿನಲ್ಲೇ ಆಡಿದರು. ನಾನು ಡಿಕ್ಷನರಿ ಪಕ್ಕಕ್ಕಿಟ್ಟು ಆಡಿದೆ. ಹೊಸ ಇಂಗ್ಲಿಷ್ ಪದ ಕಲಿತದ್ದು ನಿಜ. ಆದರೆ ನಗುವ ಮಾತಿಗೆ ಅರ್ಥ ಹುಡುಕಿ ಮುಗಿಸುವ ಹೊತ್ತಿಗೆ ನಗುವೇ ಹೋಗಿರುತ್ತದೆ. ಕನ್ನಡ ಶಾಲೆಯವರಿಗೆ ಗುಂಡು ಹಾರಿಸುವ ಆಟ ಸುಲಭ, ಯಾಕೆಂದರೆ ಅಲ್ಲಿ ಓದುವುದೇ ಬೇಡ. ಒಳ್ಳೆ ಆಟ ಮಾತ್ರ ನಮಗೆ ದೂರ. ಇದು ಸರಿಯಾ?

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ: ಗೇಮ್ ಅಂದ ಕೂಡಲೇ ಬೈಯಬೇಡಿ, ಯಾವ ಗೇಮ್ ಅಂತ ಒಮ್ಮೆ ಕೇಳಿ. ಗೆಳೆಯರಿಗೆ ಹೇಳುವುದು ಇಷ್ಟೇ. ಮೊಬೈಲ್ ಇಲ್ಲದೆಯೂ ಇಂಥ ಆಟ ಮಾಡಬಹುದು. ಮುಂದಿನ ಸಂಚಿಕೆಗೆ ಎಲ್ಲರೂ ಸೇರಿ ನಮ್ಮೂರಿನದೇ ಒಂದು ಕಥೆ ಬರೆಯೋಣ. "ಬೆಕ್ಕು ಹುಡುಕುವುದಾದರೆ 3ನೇ ಹಾಳೆ ಓದು, ಸುಮ್ಮನೆ ಹೋಗುವುದಾದರೆ 5ನೇ ಹಾಳೆ ಓದು" ಅಂತ ಗೋಡೆ ತುಂಬಾ ಅಂಟಿಸೋಣ. ಬರೆಯಲು ಇಷ್ಟ ಇರುವವರು ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬನ್ನಿ.

ಇಂತಿ,
7ನೇ ತರಗತಿಯ ಒಬ್ಬ ವಿದ್ಯಾರ್ಥಿ